ಕಸಕ್ಕೆ ಸ್ನಾನ ಮಾಡಿಸುತ್ತಿದ್ದವರು

ಈ ಪರದೇಶದಲ್ಲಿ, ಹೆಂಡರ್ಸನ್ನಿನ ನಮ್ಮ ಮನೆಯಲ್ಲಿ ನಮಗಿಂತ ಮೊದಲು ಕಸಕ್ಕೆ ಸ್ನಾನವಾಗುತ್ತಿತ್ತು ಎಂದರೆ ನಂಬುತ್ತೀರಾ, ಮಕ್ಕಳೇ? ನಂಬಲೇಬೇಕು! ಮಾಡಿಸುತ್ತಿದ್ದವರು ನಿಮ್ಮ ಅಪ್ಪನ ಅಮ್ಮ; ನಿಮ್ಮ ಅಮ್ಮನ ಅಮ್ಮನಾದ ನನಗೆ ಬೀಗಿತ್ತಿ.

ಹಾಲಿನ ಬಾಟಲಿ, ಮೊಸರಿನ ಡಬ್ಬಿ ಇಲ್ಲಿ ಎಲ್ಲರೂ ತೊಳೆದೇ ಎಸೆಯುತ್ತಾರೆ. ಇವರು ಬಾಳೆಹಣ್ಣಿನ ಸಿಪ್ಪೆಯನ್ನೂ ತೊಳೆಯುತ್ತಿದ್ದರು!

“ಕಸ ಅಲ್ವೇನ್ರೀ ಅದು?” ಎಂದೆ ಒಮ್ಮೆ, ಧೈರ್ಯ ಮಾಡಿ.

“ಕಸವಾದ್ರೇನು ಬೀಗರೇ? ನಮ್ಮ ಎಂಜಲು ಊರೆಲ್ಲ ಮೆರವಣಿಗೆ ಹೋಗ್ಬೇಕಾ? ಲಾರಿಯವನು ಏನಂದ್ಕೋತಾನೆ?”

ಲಾರಿಯವನು ಕೆಳಗಿಳಿಯುವುದೇ ಇಲ್ಲ. ಯಂತ್ರದ ಕೈ ಬಂದು ಬಿನ್ ಎತ್ತುತ್ತದೆ. ಹೇಳಿ ಏನು ಪ್ರಯೋಜನ?

ಆಯುಧಪೂಜೆಯ ದಿನ ಕಾರಿಗೆ ಪೂಜೆಯಾಯಿತು. ಆಮೇಲೆ ಬಿನ್ನುಗಳಿಗೂ ಅರಿಸಿನ ಕುಂಕುಮ! “ಚಕ್ರ ಇದೆಯಲ್ರೀ, ಅದೂ ಗಾಡೀನೇ” ಎಂದು ಕೆಳಗೆ ನಿಂಬೆಹಣ್ಣು ಬೇರೆ ಇಟ್ಟರು. ಎದುರುಮನೆಯ ಬಿಳಿಯ ಅಜ್ಜ ಬೇಲಿ ಹಿಡಿದು ನೋಡುತ್ತಲೇ ನಿಂತ. ನಾನು ಪರದೆ ಎಳೆದುಕೊಂಡೆ.

ನಿಜವಾದ ಜಗಳ ಮುಸುರೆ ಡಬ್ಬಿಯದು. ಉಳಿದ ಅನ್ನ, ಸಿಪ್ಪೆ ಹಾಕಲು ಇಲ್ಲಿನ ನಗರಸಭೆಯ ಕೌನ್ಸಿಲ್‌ನವರು ಕೊಟ್ಟ ಆ ಪುಟ್ಟ ಡಬ್ಬಿಯನ್ನು ನಿಮ್ಮಮ್ಮ ಒಲೆಯ ಪಕ್ಕ ಇಟ್ಟಿದ್ದಳು.

“ಒಲೆ ಪಕ್ಕ ಮುಸುರೆ ಇಟ್ಕೊಂಡು ದೇವರಿಗೆ ನೈವೇದ್ಯಾನಾ?” ಎಂದು ಬೀಗಿತ್ತಿ ಅದನ್ನು ಹಿತ್ತಿಲಿಗೆ ಸಾಗಿಸಿದರು. ಆಮೇಲೆ ಒಂದೊಂದು ಸಿಪ್ಪೆಗೂ ಹಿತ್ತಿಲ ಮೆಟ್ಟಿಲಿಳಿದು ಒಂದೊಂದು ಯಾತ್ರೆ, ಜಡಿಮಳೆಯಲ್ಲೂ!

“ಅತ್ತೆ, ಮೆಟ್ಟಿಲು ಜಾರುತ್ತೆ, ಬೀಳ್ತೀರಾ!” ಎನ್ನುತ್ತಿದ್ದಳು ನಿಮ್ಮಮ್ಮ.

“ಬಿದ್ರೆ ಮಡಿಯಲ್ಲೇ ಬೀಳ್ತೀನಿ ಬಿಡಮ್ಮ.”

ಬಿದ್ದರು. ಬಲಗೈ ಮೂಳೆ ಮುರಿಯಿತು.

ಅವರನ್ನು ಊರಿನ ಇನ್ನೊಂದು ತುದಿಯ ಆಲ್ಬನಿಯಲ್ಲಿರುವ ನಿಮ್ಮ ಚಿಕ್ಕಪ್ಪನ ಅಪಾರ್ಟ್‌ಮೆಂಟಿಗೆ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿ ಲಿಫ್ಟ್ ಇದೆ, ಮೆಟ್ಟಿಲಿನ ಭಯವಿಲ್ಲ. ನೀವು ಶಾಲೆಗೆ, ನಿಮ್ಮ ಅಪ್ಪ ಅಮ್ಮ ಆಫೀಸಿಗೆ ಹೋದಮೇಲೆ ಈ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ. ಇನ್ನು ಬೆಳಗಿನಿಂದ ಸಂಜೆಯವರೆಗೆ ನನ್ನ ಜೊತೆ ಜಗಳವಾಡಲಾದರೂ ಯಾರಿದ್ದಾರೆ?

ಅಳಿಯಂದಿರ ಎದುರು ನನಗೆ ಬಾಯಿ ಬರುವುದಿಲ್ಲ. ಆದರೂ ಬಾಗಿಲ ಮರೆಯಿಂದ ಹೇಳಿದೆ: “ಡಬ್ಬಿ ಕೆಲಸ ನಾನು ನೋಡ್ಕೋತೀನಿ. ಅವರು ಇಲ್ಲೇ ಇರಲಿ.”

“ನೀವೂ ಬಿದ್ರೆ, ಅತ್ತೆ?” ಎಂದರು ಮೆತ್ತಗೆ. ನಾನು ಒಳಗೆ ಹೋಗಿ ಬೀಗಿತ್ತಿಯ ಸೀರೆಗಳನ್ನು ಮಡಚತೊಡಗಿದೆ.

ಹೊರಟ ದಿನ ಬೀಗಿತ್ತಿ ಕಾರಿನ ಗಾಜು ಇಳಿಸಿದರು. “ಒಬ್ಬರೇ ಅಂತ ನಿಂತ್ಕೊಂಡು ತಿನ್ಬೇಡಿ, ಬೀಗರೇ. ಫೋನ್ ಮಾಡಿ. ಇಬ್ಬರೂ ಒಟ್ಟಿಗೆ ತಟ್ಟೆ ಹಾಕ್ಕೊಳ್ಳೋಣ.”

ಅದಕ್ಕೇ ಮಕ್ಕಳೇ, ರಜೆಯಲ್ಲಿ ಮಧ್ಯಾಹ್ನ ಆಟಕ್ಕೆಂದು ನನ್ನ ಫೋನ್ ಕೇಳಬೇಡಿ. ಆ ಹೊತ್ತಿಗೆ ಅದು ಸಾರಿನ ಪಾತ್ರೆಗೆ ಒರಗಿರುತ್ತದೆ. ವಿಡಿಯೋದ ಆ ಕಡೆ ಅವರು ಎಡಗೈಯಲ್ಲಿ ಚಮಚ ಹಿಡಿದು ಕಷ್ಟಪಟ್ಟು ತಿನ್ನುತ್ತಿರುತ್ತಾರೆ. ಅವರ ತಟ್ಟೆ ಖಾಲಿಯಾಗುವವರೆಗೆ ನಾನು ಏಳುವುದಿಲ್ಲ.