ದಾಸವಾಳಕ್ಕೊಂದು ಹಳದಿ ಬೇಲಿ

"ನಾನಿರೋ ಕಡೆ ಅಪಘಾತಕ್ಕೆ ಪ್ರವೇಶವೇ ಇಲ್ಲ ಅತ್ತೆ!" ಎಂದು ಎದೆ ತಟ್ಟಿಕೊಂಡವನು ನಾನೇ. ಕಣ್ಣಿನ ಆಪರೇಷನ್ನಿಗೆ ಹೊರಟಿದ್ದ ಅತ್ತೆ, ತಮ್ಮ ಬೆಕ್ಕನ್ನು ನಮ್ಮ ಮನೆಯಲ್ಲಿ ಬಿಡಲು ಹಿಂದೆಮುಂದೆ ನೋಡುತ್ತಿದ್ದರು. ಮಾವನವರು ಹೋದಮೇಲೆ ಅವರ ಮಾತು ಕೇಳಿಸಿಕೊಳ್ಳಲು ಮನೆಯಲ್ಲಿ ಉಳಿದಿದ್ದ ಜೀವ ಅದೊಂದೇ. ಹೆಸರು ದೊರೆ. ನಾನೋ, ಕಾರ್ಖಾನೆಯ ಸುರಕ್ಷತಾ ಅಧಿಕಾರಿ! ದಿನವಿಡೀ "ಹೆಲ್ಮೆಟ್ ಹಾಕ್ಕೊಳ್ರಪ್ಪಾ" ಎಂದು ಅರಚಿ, ಸಂಜೆ ಮನೆ ಸೇರುವಾಗ ಗಂಟಲೂ ನನ್ನದಲ್ಲ, ಕಾಲೂ ನನ್ನದಲ್ಲ. ಅಷ್ಟು ಜನರನ್ನು ಕಾಯುವವನಿಗೆ ಒಂದು ಬೆಕ್ಕು ಯಾವ ಲೆಕ್ಕ?

ಶನಿವಾರ ಕ್ಯಾಂಟೀನಿನಲ್ಲಿ ಸ್ಟೋರ್ ಕೀಪರ್ ನನ್ನ ನೆಮ್ಮದಿಗೆ ಕಲ್ಲು ಹಾಕಿದ. "ಮನೇಲಿ ಗಿಡ ಇದೆಯಾ ಸಾರ್? ಕೆಲವು ಅಂದದ ಗಿಡ ಬೆಕ್ಕಿಗೆ ವಿಷ. ಎಲೆ ಕಚ್ಚಿದ್ರೆ ಮುಗೀತು!"

ನಮ್ಮ ಅಂಗಳದಲ್ಲಿರುವುದು ಒಂದೇ ಗಿಡ, ದಾಸವಾಳ. ಅದರ ಬುಡದಲ್ಲೇ ದೊರೆಯ ಮಧ್ಯಾಹ್ನದ ನಿದ್ದೆ!

"ದಾಸವಾಳ ಏನ್ರೀ ಮಾಡುತ್ತೆ? ಬೇಕಾದ್ರೆ ಡಾಕ್ಟ್ರನ್ನ ಒಂದು ಮಾತು ಕೇಳಿ," ಎಂದಳು ಹೆಂಡತಿ.

"ಕೇಳೋದೇನು ಬಂತು? ಇದು ನನ್ನ ಕಸುಬು ಕಣೇ. ಮೊದಲು ಬೇಲಿ, ಆಮೇಲೆ ವಿಚಾರಣೆ!"

"ಮುಖ ನೋಡ್ಕೊಳ್ಳಿ, ಸುಟ್ಟ ಬದನೆಕಾಯಿ ಆಗಿದೆ. ಸುಮ್ನೆ ಮಲಗ್ರೀ."

ಮಲಗಬೇಕಿತ್ತು. ದೇವರಾಣೆ, ಮಲಗಬೇಕಿತ್ತು! ಬದಲಿಗೆ ಗಿಡದ ಸುತ್ತ ಕೋಲು ನೆಟ್ಟು, ಉದ್ದಕ್ಕೂ "ಅಪಾಯ ಅಪಾಯ" ಎಂದು ಅಚ್ಚಾಗಿರುವ ಕಾರ್ಖಾನೆಯ ಹಳದಿ ಟೇಪು ಸುತ್ತಿದೆ. "ಅಪಾಯ! ಹತ್ತಿರ ಬರಬೇಡಿ" ಎಂಬ ಫಲಕವನ್ನೂ ತೂಗುಹಾಕಿದೆ. ಫಲಕ ಹಾಕಿದರೆ ಸಾಲದು, ಓದಿ ಹೇಳಬೇಕು ಎಂಬುದು ನಮ್ಮ ನಿಯಮ. ಆದ್ದರಿಂದ ದೊರೆಯನ್ನು ಎತ್ತಿ ತಂದು ಎದುರಿಗೆ ಕೂರಿಸಿ, ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಅವನು ಆಕಳಿಸಿದ. ನಮ್ಮ ಕೆಲಸಗಾರರೂ ಹಾಗೇ ಮಾಡುವುದು.

ಮರುದಿನ ಬೆಳಿಗ್ಗೆ ಅತ್ತೆಯ ಫೋನು. "ಅಳಿಯಂದಿರೇ, ನಾಳೆ ಕಣ್ಣಿನ ಪಟ್ಟಿ ಬಿಚ್ತಾರಂತೆ. ಮನೆಗೆ ಬಂದು ಮೊದಲು ನಮ್ಮ ದೊರೆ ಮುಖ ನೋಡ್ಬೇಕು ನಾನು."

"ನೋಡೋರಂತೆ ಅತ್ತೆ! ಕಲ್ಲುಗುಂಡಿನ ಹಾಗಿದ್ದಾನೆ!"

ಫೋನು ಕೆಳಗಿಟ್ಟೆ. ಅಂಗಳದಿಂದ "ಓಕ್... ಓಕ್..." ಎಂಬ ಸದ್ದು. ದೊರೆ ಕತ್ತು ಚಾಚಿ ಓಕರಿಸುತ್ತಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತೇ ಹೊರತು ಬೇರೇನೂ ಬರುತ್ತಿರಲಿಲ್ಲ.

"ಎಲೆ ತಿಂದ! ನಾನು ಹೇಳ್ಲಿಲ್ವಾ?" ಎಂದು ಕೂಗಿದೆ. ಸಾಕ್ಷಿಗಿರಲಿ ಎಂದು ಅರ್ಧ ದಾಸವಾಳವನ್ನೇ ಮುರಿದು ಹೆಗಲಿಗೇರಿಸಿದೆ. ಹೆಂಡತಿ ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡಳು. ಪಶುವೈದ್ಯರ ಬಳಿ ಹೋಗುವ ದಾರಿಯುದ್ದಕ್ಕೂ ಅವಳು ಬುಟ್ಟಿಯೊಳಗೆ ಕೈಯಿಟ್ಟು ದೊರೆಯ ಬೆನ್ನು ಸವರುತ್ತಿದ್ದಳು. ನನಗೆ ಭಯವಾಯಿತು. ತಮಾಷೆಯಲ್ಲ, ನಿಜವಾಗಿ ಭಯವಾಯಿತು. ನಾಳೆ ಕಣ್ಣು ಬಿಡುವ ಆ ಹೆಂಗಸಿಗೆ ಏನೆಂದು ಹೇಳಲಿ?

ಡಾಕ್ಟರಮ್ಮ ನನ್ನ ಸಾಕ್ಷಿಯನ್ನು ಪಕ್ಕಕ್ಕೆ ತಳ್ಳಿದರು. "ದಾಸವಾಳನಾ? ಇದು ಬೆಕ್ಕಿಗೆ ವಿಷ ಅಲ್ಲ ಸಾರ್. ತುಂಬಾ ಮೆದ್ದರೆ ಹೊಟ್ಟೆ ಕೆಡಬಹುದು, ಅಷ್ಟೆ."

ಆಮೇಲೆ ಬೆಕ್ಕನ್ನು ಪರೀಕ್ಷಿಸಿ, "ಬೇರೇನೋ ನುಂಗಿದ್ದಾನೆ," ಎಂದು ವಾಂತಿ ಮಾಡಿಸುವ ಚುಚ್ಚುಮದ್ದು ಕೊಟ್ಟರು. ಸ್ವಲ್ಪ ಹೊತ್ತಿಗೆ ದೊರೆ ಮೇಜಿನ ಮೇಲೆಯೇ ಕಾರಿಕೊಂಡ. ಹೊರಬಂದದ್ದು ಎಲೆಯಲ್ಲ. ಗೇಣುದ್ದದ ಹಳದಿ ಟೇಪು! ಒಂದಕ್ಷರವೂ ಮಾಸದೆ "ಅಪಾಯ" ಎಂದು ಓದಿಸಿಕೊಳ್ಳುತ್ತಿತ್ತು.

"ಗಾಳಿಗೆ ಪಟಪಟ ಅನ್ನೋದು ಕಂಡ್ರೆ ಬೆಕ್ಕು ಬಿಡುತ್ತೇನ್ರೀ? ಕರುಳಿಗೆ ಇಳಿದಿದ್ರೆ ಹೊಟ್ಟೆ ಕೊಯ್ಬೇಕಾಗ್ತಿತ್ತು! ಇದನ್ನ ಕಟ್ಟಿದ ಪುಣ್ಯಾತ್ಮ ಯಾರು?" ಎಂದು ಡಾಕ್ಟರಮ್ಮ ಗದರಿದರು.

ಹೆಂಡತಿ ನನ್ನತ್ತ ಬೆರಳು ತೋರಿಸಿದಳು. "ಇವ್ರೇ ಮೇಡಂ. ಸುರಕ್ಷತಾ ಅಧಿಕಾರಿಗಳು."

ಮನೆಗೆ ಬಂದವನೇ ಆರಾಮ ಕುರ್ಚಿಯ ಮೇಲೆ ಬಿದ್ದೆ. ಎಚ್ಚರವಾದಾಗ ಅಂಗಳದಲ್ಲಿ ಟೇಪಿನ ಸುಳಿವಿಲ್ಲ. ಫಲಕ ಮಾತ್ರ ನನ್ನ ಕುರ್ಚಿಯ ಕೈಗೆ ತೂಗುತ್ತಿತ್ತು: "ಅಪಾಯ! ಹತ್ತಿರ ಬರಬೇಡಿ."

"ತೆಗಿಯೇ ಇದನ್ನ!"

"ಅಮ್ಮ ಬರೋವರೆಗೂ ಇರ್ಲಿ," ಎಂದಳು ಒಳಗಿಂದ.

ಅಷ್ಟರಲ್ಲಿ ಉಳಿದರ್ಧ ದಾಸವಾಳದ ಬುಡದಿಂದ ದೊರೆ ಎದ್ದು ಬಂದ. ನನ್ನ ತೊಡೆಯೇರಲು ಮುಂಗಾಲು ಎತ್ತಿದ. ಫಲಕವನ್ನು ಮೇಲಿಂದ ಕೆಳಗೆ ನೋಡಿದ, ನನ್ನನ್ನೂ ನೋಡಿದ, ಕಾಲಿಳಿಸಿ ಬಂದ ದಾರಿಯಲ್ಲೇ ಹಿಂತಿರುಗಿದ.

ಇಷ್ಟು ವರ್ಷದ ನೌಕರಿಯಲ್ಲಿ ನಾನು ಬರೆಸಿದ ಫಲಕವನ್ನು ಪಾಲಿಸಿದವನು ಅವನೊಬ್ಬನೇ!