ಯಾರೂ ಕೇಳದ ಹಾಡುಗಳ ಮಾಮಾ

ನಮ್ಮ ಮಾಮಾನಿಗೆ ಒಂದು ಹಾಡು ಹಿಡಿಸಬೇಕಾದರೆ ಅದು ಬೇರೆ ಯಾರಿಗೂ ಹಿಡಿಸಿರಬಾರದು. ಉತ್ಪ್ರೇಕ್ಷೆ ಅಂತೀರಾ? ಅಲ್ಲ. ಯಾವುದಾದರೂ ಹಾಡನ್ನು ಸಾವಿರ ಸಲ ಕೇಳಲಾಗಿದೆ ಎಂದು ಫೋನಿನಲ್ಲಿ ಕಂಡಿತೋ, ಅಂದೇ ಆ ತಂಡಕ್ಕೂ ಮಾಮಾನಿಗೂ ಸಂಬಂಧ ಮುಗಿಯಿತು. "ಸಾವಿರ ಆತವಾ. ಇನ್ನ ಅವರಿಗೆ ನಾ ಬೇಕಾಗಂಗಿಲ್ಲ" ಎಂದು, ಮಗಳನ್ನು ಗಂಡನ ಮನೆಗೆ ಕಳಿಸಿ ಬಂದವನ ಹಾಗೆ ನಿಟ್ಟುಸಿರುಬಿಟ್ಟು, ಮತ್ತೊಂದು ತಂಡವನ್ನು ಹುಡುಕಲು ಕೂರುತ್ತಾನೆ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ವಯಸ್ಸು ಐವತ್ತೆಂಟು. ಬೆಳಗಾವಿಯ ಆಟೋ ನಗರದಲ್ಲಿ ಲೇಥ್ ಮಶಿನ್ ಮೇಲೆ ಕೆಲಸ, ಪೀರನವಾಡಿಯಲ್ಲಿ ಒಂದು ಖೋಲಿ, ಜೊತೆಗೆ ಯಾರೂ ಇಲ್ಲ. ಕೆಲಸದ ಕಡೆಯ ಯಾರೋ ಒಮ್ಮೆ ಅವನ ಫೋನಿಗೆ ಏನೋ ಹಾಡು ಕಳಿಸಿದ್ದರಂತೆ. ಹಳೆಯ ಗಿಟಾರು, ಒಡಕು ಪೆಟ್ಟಿಗೆ ಬಾರಿಸಿಕೊಂಡು ಹರಿದ ಗಂಟಲಿನಲ್ಲಿ ಕೂಗುವ ಹುಡುಗರು. ಇದಕ್ಕೆ ಫೋಕ್ ಪಂಕ್ ಅನ್ನುತ್ತಾರೆ, ಜಾನಪದದ ವಾದ್ಯ, ಬೀದಿಯ ಸಿಟ್ಟು ಎರಡೂ ಕೂಡಿದ್ದು ಎಂದು ನಾನೇ ಹುಡುಕಿ ಹೇಳಿದೆ. ಆ ತಪ್ಪು ನನ್ನದೇ.

ಅವ್ವನಿಗೆ ಅದನ್ನು ವಿವರಿಸಲು ಹೋಗಿ ಮಾಮಾ ಸೋತ. "ಪಂಕ್ ಕೇಳ್ತೇನಿ ಅಕ್ಕಾ" ಅಂದ. "ಪಂಕಾ ಯಾಕ ಕೇಳ್ತಿ? ನಮ್ಮ ಮನ್ಯಾಗ ಎರಡು ಅದಾವಲ್ಲ, ಒಂದು ಒಯ್ಯಿ" ಅಂದಳು ಅವ್ವ, ಮೇಲೆ ತಿರುಗುತ್ತಿದ್ದ ಫ್ಯಾನು ತೋರಿಸಿ. ಒಂದು ಹಾಡು ಹಚ್ಚಿ ತೋರಿಸಿದ. ಅವ್ವ ಪೂರ್ತಿ ಕೇಳಿ, "ಇದಕ್ಕಿಂತ ನಮ್ಮ ಪಂಕಾದ ಸಪ್ಪಳ ಛಲೋ ಐತಿ" ಎಂದು ಒಳಗೆ ಹೋದಳು.

ನನ್ನ ತಂಗಿಯ ಮಗುವಿನ ತೊಟ್ಟಿಲ ಕಾರ್ಯದಲ್ಲಿ ಸನಾದಿ ಹಚ್ಚು ಎಂದು ಹೇಳಿದರೆ, ಎಲ್ಲಿಯದೋ ಹುಡುಗಿ ಅಕಾರ್ಡಿಯನ್ ಎಳೆಯುತ್ತ ಚೀರುವ ಹಾಡನ್ನು ಹಚ್ಚಿಬಿಟ್ಟ. ಹಿರಿಯರೆಲ್ಲ ಕಿವಿ ಮುಚ್ಚಿಕೊಂಡರು. ಬೆಳಗಿನಿಂದ ಒಂದೇ ಸವನೆ ಅಳುತ್ತಿದ್ದ ಕೂಸು ಮಾತ್ರ ಗಪ್ಪಾಗಿ ಕೇಳಿತು. "ನೋಡ್ರಿ, ನಿಮ್ಮೊಳಗ ಶಾಣ್ಯಾ ಇದೊಂದ" ಎಂದ ಮಾಮಾ.

ಇಂಥ ತಂಡಗಳಿಗೆ ಪತ್ರ ಬರೆಯುವ ಕೆಲಸ ನನ್ನದು. ಮಾಮಾ ಮರಾಠಿ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವನು, ಇಂಗ್ಲಿಷು ಬರದು. ಅವನು ಹೇಳಿದ್ದನ್ನು ನಾನು ಹಾಡಿನ ಕೆಳಗೆ ಟೈಪ್ ಮಾಡಬೇಕು. "ಮಾನ್ಯರೇ, ನಿಮ್ಮ ಮೂರನೆಯ ಹಾಡಿನಲ್ಲಿ ಡ್ರಮ್ಮು ಹಿಂದೆ ಬೀಳುತ್ತದೆ. ಉಳಿದದ್ದು ಬರೋಬ್ಬರಿ ಇದೆ." ಒಂದು ತಂಡದವರು ಉತ್ತರಿಸಿದರು: ಡ್ರಮ್ಮು ಮಾರಿದ್ದೇವೆ, ಈಗ ಸೂಟ್‌ಕೇಸು ಬಾರಿಸುತ್ತೇವೆ, ಕ್ಷಮಿಸಿ. ಅದನ್ನು ಓದಿ ಹೇಳಿದಾಗ ಮಾಮಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬೈದುಬಿಟ್ಟೆನಲ್ಲ ಎಂಬ ಸಂಕಟ.

ಹೋದ ಚಳಿಗಾಲದಲ್ಲಿ ಅವನಿಗೆ ಒಂದು ಹಾಡು ಸಿಕ್ಕಿತು. ಗಿಟಾರು ಹಿಡಿದ ಒಬ್ಬಳು ಹುಡುಗಿ, ಬಾಜು ಯಾರೋ ಹಲಗಿ ಬಾರಿಸುತ್ತಿದ್ದಾರೆ. ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ತಾನು ಝೆರಾಕ್ಸ್ ಅಂಗಡಿಯಲ್ಲಿ ಊರಿನವರ ಕಾಗದವನ್ನೆಲ್ಲ ಎರಡೆರಡು ಮಾಡಿ ಕೊಡುತ್ತೇನೆ, ತನ್ನ ಹೆಸರಿನ ಕಾಗದ ಮಾತ್ರ ಒಂದೂ ಇಲ್ಲ ಎಂದು ಸಿಟ್ಟಿನಿಂದ ಹಾಡುತ್ತಾಳೆ. ನಡುವೆ ಎಮ್ಮೆಯೊಂದು ಒದರುತ್ತದೆ. ಕೆಳಗೆ ಬರೆದಿತ್ತು: ಖಾನಾಪುರ, ನಮ್ಮ ಕೊಟ್ಟಿಗೆಯಲ್ಲಿ ರೆಕಾರ್ಡ್ ಮಾಡಿದ್ದು. ಕೇಳಲಾದದ್ದು ಇನ್ನೂರು ಚಿಲ್ಲರೆ ಸಲ. ಇದ್ದದ್ದು ಅದೊಂದೇ ಹಾಡು.

ಪ್ರಪಂಚವನ್ನೆಲ್ಲ ಸುತ್ತಿ ಬಂದ ಮಾಮಾನಿಗೆ ಪಕ್ಕದ ತಾಲೂಕಿನಲ್ಲೇ ಇಂಥವಳು ಸಿಕ್ಕಿದ್ದಳು. ದಿನಾ ಲೇಥ್ ಚಾಲೂ ಮಾಡುವ ಮುಂಚೆ ಒಂದು ಸಲ ಕೇಳತೊಡಗಿದ. ತಿಂಗಳಾದ ಮೇಲೆ ಒಂದು ದಿನ ನಮ್ಮ ಮನೆಗೆ ಬಂದು, ಫೋನನ್ನು ನನ್ನ ಮುಖಕ್ಕೆ ಹಿಡಿದ.

"ದಿವಸಕ್ಕ ಎರಡು ಏರತೈತಿ ನೋಡವಾ. ಒಂದು ನಂದು. ಇನ್ನೊಂದು ಯಾರದು?"

"ಯಾರೋ ಕೇಳ್ತಿರಬೇಕು ಮಾಮಾ."

"ದಿನಾ ಕೇಳ್ತಾರ. ಒಂದ ಸಲ ಕೇಳ್ತಾರ. ನನ್ನಂಥಾ ಹುಚ್ಚ ಇನ್ನೊಬ್ಬ ಅದಾನ ಅಂದಂಗಾತು."

ಅವನ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಕಂಡಿರಲಿಲ್ಲ. ಆ ಹುಡುಗಿಯನ್ನು ಹುಡುಕಿ, ಎರಡನೆಯ ಹಾಡು ಯಾಕೆ ಮಾಡಲಿಲ್ಲ ಎಂದು ಕೇಳಿಯೇ ಬಿಡಬೇಕು ಎಂದ. ಆಕೆಗೆ ಕೊಡಲು ಗಿಟಾರಿನ ತಂತಿಗಳ ಒಂದು ಹೊಸ ಸೆಟ್ಟನ್ನೂ ಕೊಂಡಿದ್ದ.

ರವಿವಾರ ನನ್ನ ಸ್ಕೂಟರಿನಲ್ಲಿ ಇಬ್ಬರೂ ಖಾನಾಪುರಕ್ಕೆ ಹೋದೆವು. ಮೂರನೆಯ ಝೆರಾಕ್ಸ್ ಅಂಗಡಿಯಲ್ಲಿ ವಿಚಾರಿಸಿದಾಗ ಅಂಗಡಿಯವರು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಹೊರಗೆ ಬಂದರು. "ಆಕಿ ನಮ್ಮಲ್ಲೇ ಇದ್ದಳ್ರಿ. ನೀವು ಅವರ ಮನಿಗೇ ಹೋಗ್ರಿ" ಎಂದು ದಾರಿ ಹೇಳಿದರು.

ಊರಂಚಿನ ಮನೆ. ಆಕೆಯ ಅಪ್ಪ ಕೊಟ್ಟಿಗೆಯ ಮುಂದೆ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಮಾಮಾ ನಮಸ್ಕಾರ ಮಾಡಿ, "ನಿಮ್ಮ ಮಗಳ ಹಾಡು ಕೇಳಿ ಬೆಳಗಾವಿಯಿಂದ ಬಂದೇವ್ರಿ, ಅದಾಳೇನ್ರಿ?" ಎಂದ.

ಅವರು ಕೈ ತೊಳೆದುಕೊಂಡರು. "ಬರ್ರಿ, ಕುಂದರ್ರಿ" ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದರು. ನಾವು ಕೂತ ಮೇಲೆ ಹೇಳಿದರು: "ಹ್ವಾದ ವರ್ಷ ಮಳಿಗಾಲದಾಗ ಜ್ವರ ಬಂತ್ರಿ. ಐದು ದಿವಸ. ಇಪ್ಪತ್ನಾಲ್ಕು ನಡದಿತ್ತು ಆಕಿಗೆ."

ಮಾಮಾ ತಂತಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಏನಾದರೂ ಮಾತಾಡಬೇಕೆಂದು, "ಆ ಹಾಡು ನಾ ದಿನಾ ಕೇಳ್ತೇನ್ರಿ" ಎಂದ.

ಅವರು ಥಟ್ಟನೆ ತಲೆಯೆತ್ತಿದರು. "ದಿನಾ?"

"ದಿನಾ ಮುಂಜಾನೆ. ಒಮ್ಮೆ."

"ನೀವೇನ್ರಿ ಅದು?" ಎಂದರು. "ಆಕಿ ಫೋನು ನನ್ನ ಕಡೆ ಐತ್ರಿ. ನಮ್ಮ ಮನಿಯಾಕಿ ಆ ಹಾಡು ಕೇಳಿದ್ರ ಎದ್ದು ಹಿತ್ತಲಕ್ಕ ಹೋಗ್ತಾಳ. ಅದಕ್ಕ ಹಿಂಡೂ ಹೊತ್ತಿನ್ಯಾಗ ಇಲ್ಲೇ ಕೊಟ್ಟಿಗ್ಯಾಗ ಒಮ್ಮೆ ಹಚ್ಚತೇನಿ. ಒಂದು ತಿಂಗಳಿಂದ ಎರಡೆರಡು ಏರಾಕ ಹತ್ತಿತ್ತು. ಯಾರೋ ಕೇಳಾಕ ಹತ್ಯಾರ, ಮಂದಿ ಕೂಡತಾರ ಇನ್ನ, ಅಂತ ತಿಳಕೊಂಡಿದ್ನಿ."

ಆಗ ನನಗೆ ಎಲ್ಲ ತಿಳಿಯಿತು. ಮಾಮಾ ಯಾರನ್ನೋ ನೆನೆದು ಹಿಗ್ಗಿದ್ದನಲ್ಲ, ಆ ಇನ್ನೊಬ್ಬರು ಇವರು. ಇವರು ಯಾರನ್ನೋ ನೆನೆದು ಸಮಾಧಾನಪಟ್ಟಿದ್ದರಲ್ಲ, ಅದು ನಮ್ಮ ಮಾಮಾ. ಇವರಿಬ್ಬರನ್ನು ಬಿಟ್ಟರೆ ಆ ಹಾಡನ್ನು ಕೇಳುವವರು ಮತ್ತಾರೂ ಇರಲಿಲ್ಲ. ನಾನು ಎಮ್ಮೆಯ ಕಡೆಗೆ ಮುಖ ತಿರುಗಿಸಿದೆ.

ಆಕೆಯ ಅಪ್ಪ ಕೇಳಿದರು: "ನಿಮಗ ಈ ನಮೂನಿ ಹಾಡು ತಿಳೀತಾವ. ನಮಗ ತಿಳೀಯೂದಿಲ್ಲ. ಖರೇ ಹೇಳ್ರಿ, ಛಲೋ ಹಾಡ್ತಿದ್ಲೇನ್ರಿ?"

ಹಾಡಿನ ವಿಷಯದಲ್ಲಿ ಮಾಮಾ ಯಾರಿಗೂ ಸುಳ್ಳು ಹೇಳಿದವನಲ್ಲ. ಇಂದೊಂದು ದಿನ ಹೇಳಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಶ್ರುತಿ ತಪ್ಪತಾಳ್ರಿ" ಎಂದ ಮಾಮಾ. "ಮೂರು ಕಡೆ ತಪ್ಪತಾಳ. ಆದರ ತಪ್ಪಿದ್ದು ಗೊತ್ತಾದ್ರೂ ನಿಲ್ಲಂಗಿಲ್ಲ, ದನಿ ಸಣ್ಣದು ಮಾಡಂಗಿಲ್ಲ. ಇನ್ನಷ್ಟು ಜೋರ ಮಾಡ್ತಾಳ. ಇಷ್ಟು ವರ್ಷ ಕೇಳೇನ್ರಿ, ಅಂಥ ಗುಂಡಿಗಿ ಇದ್ದಾಕಿನ್ನ ನಾ ಕೇಳಿಲ್ಲ."

ಆಕೆಯ ಅಪ್ಪ ನಕ್ಕುಬಿಟ್ಟರು. ನಗುತ್ತಲೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. "ಹೌದ್ರಿ," ಎಂದರು ಟವೆಲ್ಲಿನ ಒಳಗಿನಿಂದಲೇ, "ಸಣ್ಣಾಕಿ ಇದ್ದಾಗಿಂದ ಹಂಗ."

ಈಗ ಮಾಮಾ ಪ್ರತಿ ರವಿವಾರ ಬಸ್ಸು ಹಿಡಿದು ಖಾನಾಪುರಕ್ಕೆ ಹೋಗುತ್ತಾನೆ. ಒಮ್ಮೊಮ್ಮೆ ನಾನೂ ಹೋಗುತ್ತೇನೆ. ಮೊನ್ನೆ ಹೋದಾಗ ತಾನು ಹೊಸದಾಗಿ ಹುಡುಕಿದ ಹಾಡೊಂದನ್ನು ಆಕೆಯ ಅಪ್ಪನಿಗೆ ಕೇಳಿಸುತ್ತಿದ್ದ. ಯಾವುದೋ ದೇಶದ ಹುಡುಗನೊಬ್ಬ ಗಂಟಲು ಹರಿದುಕೊಂಡು ಕೂಗುತ್ತಿದ್ದ. ಅವರು ಹುಲ್ಲಿನ ಸಿವುಡನ್ನು ಕೆಳಗಿಟ್ಟು, ಫೋನಿನ ಹತ್ತಿರ ಬಂದು ಕಿವಿಗೊಟ್ಟರು.

"ಎಲ್ಲೀ ಹುಡುಗನ್ರಿ ಇಂವ?"

"ಭಾಳ ದೂರದವ."

"ಅಂವಗ ಅಪ್ಪ ಅವ್ವ ಅದಾರೇನು?"

"ಗೊತ್ತಿಲ್ರಿ."

"ಎಷ್ಟು ಮಂದಿ ಕೇಳ್ಯಾರ?"

"ಹನ್ನೊಂದು ಮಂದಿ."

ಹಾಡು ಮುಗಿಯಿತು. ಅವರು ಕಟ್ಟೆಯ ಮೇಲೆ ಮಾಮಾನ ಬಾಜು ಕೂತು, ಕಾಲು ಮಡಚಿಕೊಂಡರು.

"ಇನ್ನೊಮ್ಮೆ ಹಚ್ರಿ" ಎಂದರು.