ಮೂರನೇ ನಿಯಮವೂ ನನ್ನ ಪಾಯಿಜಾಮವೂ

ನಾನೇ ಗರಗಸ ಹಿಡಿದು ಈ ಬಡಗಿಗಳ ಬಾಯಿ ಮುಚ್ಚಿಸದಿದ್ದರೆ ಕೇಳಿ ಎಂದು ಅವತ್ತು ಶಪಥ ಮಾಡಿಯೇಬಿಟ್ಟೆ!

ಮರಗೆಲಸದ ಕಾರ್ಖಾನೆಯಲ್ಲಿ ಸುರಕ್ಷತೆಯ ಉಸ್ತುವಾರಿ ನನ್ನದು. ಗರಗಸವೆಂದರೆ ಎಲ್ಲವೂ ಒಂದೇ ಎಂದುಕೊಂಡಿರುವ ಪಾಮರರಿಗಾಗಿ ಹೇಳುತ್ತೇನೆ: ಮರವನ್ನು ಅಡ್ಡಕ್ಕೆ ಕೊಯ್ಯುವ ಗರಗಸ ಬೇರೆ, ಎಳೆಯ ಗುಂಟ ಉದ್ದಕ್ಕೆ ಸೀಳುವ ಗರಗಸ ಬೇರೆ. ಸೀಳುವ ಗರಗಸದ ಒಂದೊಂದು ಹಲ್ಲೂ ಒಂದೊಂದು ಪುಟ್ಟ ಉಳಿ! ಇದನ್ನೆಲ್ಲ ಪುಸ್ತಕಗಳಿಂದ ಅರೆದು ಕುಡಿದು, ಹನ್ನೆರಡು ನಿಯಮಗಳನ್ನಾಗಿ ಇಳಿಸಿ, ಕೆಂಪಕ್ಷರದಲ್ಲಿ ಬೋರ್ಡು ಬರೆಸಿ ತೂಗುಹಾಕಿದೆ. ಯಾರೂ ಸೊಪ್ಪು ಹಾಕಲಿಲ್ಲ. ಬೋರ್ಡಿನ ಮೊಳೆಗೆ ಊಟದ ಚೀಲ ನೇತುಹಾಕಿದರು!

ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡೆ.

"ಸಾರ್, ನೀವು ಯಾವತ್ತಾದ್ರೂ ಗರಗಸ ಹಿಡಿದಿದ್ದೀರಾ?" ಎಂದ ಆ ಮಹಾಶಯ. "ಒಂದೇ ಒಂದು ಹಲಗೆ ನೆಟ್ಟಗೆ ಸೀಳಿ ತೋರಿಸಿ. ಆಮೇಲೆ ನಾವೆಲ್ಲ ಬೋರ್ಡು ಓದಿಯೇ ಕೆಲಸ ಶುರು ಮಾಡ್ತೀವಿ."

ಮೈಯೆಲ್ಲ ಉರಿದುಹೋಯಿತು. ಅವನದೇ ಗರಗಸ ಇಸಕೊಂಡು ಮನೆಗೆ ಬಂದೆ; ಮರುದಿನ ಹೇಗೂ ರಜೆ.

ಹಲಗೆ ಮನೆಯಲ್ಲೇ ಇತ್ತು. ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಬಟ್ಟೆ ಕತ್ತರಿಸಲು ತರಿಸಿದ್ದ ಹಲಗೆ ಒಂದು ಗೇಣು ಅಗಲ ಹೆಚ್ಚಾಗಿ, ಹೊಲಿಗೆ ಕೋಣೆಯ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ಅವಳೇ ಸೀಮೆಸುಣ್ಣದಿಂದ ಉದ್ದಕ್ಕೂ ಗೆರೆ ಎಳೆದುಕೊಟ್ಟಳು.

"ರೀ, ಮೇಸ್ತ್ರಿಗೇ ಕೊಡಬಾರದಾ? ಅರ್ಧ ಗಂಟೆ ಕೆಲಸ."

"ನಿಯಮ ಬರೆದಿದ್ದು ಮೇಸ್ತ್ರಿಯೋ, ನಾನೋ?"

"ಬರೆದಿದ್ದು ನೀವೇ. ಮೊದಲು ಆ ಪಾಯಿಜಾಮ ಬದಲಾಯಿಸಿ. ಇಬ್ಬರು ಹೊಕ್ಕೋಷ್ಟು ಅಗಲ ಇದೆ."

"ಹೊಲಿದವಳು ನೀನೇ!"

"ಮಲಗೋಕೆ ಅಂತ ಹೊಲಿದೆ. ಮರ ಕೊಯ್ಯೋಕಲ್ಲ."

ಕಟ್ಟಿಕೊಂಡವಳೇ ಹೀಗೆಂದರೆ ಬಡಗಿಗಳನ್ನು ಅಂದು ಏನು ಪ್ರಯೋಜನ! ಆ ಹೊಲಿಗೆ ಕೋಣೆಯಲ್ಲೇ ಎರಡು ಸ್ಟೂಲಿನ ಮೇಲೆ ಹಲಗೆ ಇಟ್ಟು, ಅದರ ಮೇಲೆ ಒಂದು ಮಂಡಿ ಊರಿ, ನಾಲ್ಕನೇ ನಿಯಮದಂತೆ ಗರಗಸವನ್ನು ಮೊದಲು ನನ್ನತ್ತ ಮೆಲ್ಲಗೆ ಎಳೆದು ದಾರಿ ಮಾಡಿಕೊಂಡೆ. ಸರ್ರ್, ಸರ್ರ್! ಒಂದು ಮೊಳ ಗೆರೆ ತಪ್ಪದೆ ಸೀಳಿತು. ಆಹಾ, ಆ ಮೇಸ್ತ್ರಿ ನೋಡಬೇಕಿತ್ತು!

ಅಷ್ಟರಲ್ಲಿ ಸೀಳು ಬಿಗಿದುಕೊಂಡು ಗರಗಸವನ್ನು ಕಚ್ಚಿಹಿಡಿಯಿತು. ಏಳನೇ ನಿಯಮ: ಸೀಳಿಗೆ ಬೆಣೆ ಹಾಕಬೇಕು. ಬೆಣೆ ಎಲ್ಲಿಂದ ತರಲಿ? ಅಡುಗೆಮನೆಯ ಮರದ ಸೌಟಿನ ಹಿಡಿ ತುರುಕಿದೆ. ಒಂಬತ್ತನೇ ನಿಯಮ: ಬಲ ಹಾಕಬಾರದು, ಗರಗಸದ ಕೆಲಸ ಗರಗಸ ಮಾಡುತ್ತದೆ. ಆದರೆ ನಾಲ್ಕು ಗಂಟೆಗೆ ಗರಗಸ ಒಯ್ಯಲು ಮೇಸ್ತ್ರಿ ಬರುವವನಿದ್ದ. ಇದ್ದಬದ್ದ ಬಲವನ್ನೆಲ್ಲ ಹಾಕಿದೆ!

ಸೌಟು ಚಿಮ್ಮಿ ನೆಲಕ್ಕೆ ಬಿತ್ತು. ಗರಗಸದ ಹಲ್ಲು ಪಾಯಿಜಾಮವನ್ನು ಹಿಡಿದು ಸೀಳಿನೊಳಕ್ಕೆ ಎಳೆದುಕೊಂಡಿತು. ಸೀಳು ಮುಚ್ಚಿಕೊಂಡಿತು. ಗರಗಸ, ಪಾಯಿಜಾಮ, ನಾನು ಮೂವರೂ ಹಲಗೆಗೆ ಅಂಟಿಕೊಂಡೆವು.

"ಯಾಕ್ರೀ ಸದ್ದು ನಿಂತುಹೋಯ್ತು?" ಎನ್ನುತ್ತಾ ಹೆಂಡತಿ ಬಂದಳು. ನೋಡಿದಳು. "ಬಿಚ್ಚಿಬಿಡಿ."

"ಹೊರಗೆ ಅಳತೆ ಕೊಡೋಕೆ ಬಂದವರು ಕೂತಿದ್ದಾರೆ! ಬಾಗಿಲು ಮುಚ್ಚು!"

"ಬಾಗಿಲು ಮುಚ್ಚೋಕೆ ಹಲಗೆ ಅಡ್ಡ ಇದೆಯಲ್ಲ. ಅದಕ್ಕೇ ತಾನೇ ಸೀಳೋಕೆ ಹೊರಟಿದ್ದು?"

ಆ ಹೊತ್ತಿಗೇ ಮೇಸ್ತ್ರಿ ಬರಬೇಕೇ! ನಕ್ಕಿದ್ದರೂ ಸಹಿಸುತ್ತಿದ್ದೆ. ನಗಲಿಲ್ಲ. ಬಗ್ಗಿ ನನ್ನ ತೊಡೆ ನೋಡಿದ.

"ಚರ್ಮಕ್ಕೆ ತಾಗಿಲ್ಲ ತಾನೇ? ಎರಡು ಬೆರಳು ಈಚೆ ಬಂದಿದ್ರೆ ಗತಿ ಏನು ಸಾರ್?" ಎಂದ. ನಾನು ತೊಡೆಯನ್ನು ಎರಡೆರಡು ಸಲ ಮುಟ್ಟಿ ನೋಡಿಕೊಂಡೆ. ಆಮೇಲೆ ಮೆಲ್ಲಗೆ ಸೇರಿಸಿದ: "ಸಡಿಲ ಬಟ್ಟೆ ತೊಟ್ಟು ಗರಗಸ ಮುಟ್ಟಬಾರದು. ಮೂರನೇ ನಿಯಮ."

"ಓಹೋ! ಬೋರ್ಡು ಓದಿದ್ದೀಯಾ ಹಾಗಾದ್ರೆ?"

"ಚೀಲ ನೇತುಹಾಕೋವಾಗ ಕಣ್ಣಿಗೆ ಬಿತ್ತು ಸಾರ್."

ಹೆಂಡತಿ ಕತ್ತರಿ ತಂದು ಪಾಯಿಜಾಮದ ಎಡಗಾಲನ್ನು ಕತ್ತರಿಸಿ ನನ್ನನ್ನು ಬಿಡಿಸಿದಳು. ಮೇಸ್ತ್ರಿ ಬೆಣೆ ಹೊಡೆದು ಗರಗಸ ಬಿಡಿಸಿದ. ಉಳಿದದ್ದನ್ನು ಅವನು ಸೀಳಿದನೆಂದುಕೊಂಡಿರಾ? ಇಲ್ಲ! ನನ್ನ ಹೆಂಡತಿ ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು, ಅವನು ಹೇಳಿಕೊಟ್ಟಂತೆ, ಕೊನೆಯವರೆಗೂ ಒಂದು ಕೂದಲೆಳೆ ಆಚೀಚೆ ಆಗದಂತೆ ಸೀಳಿದಳು. "ಗೆರೆ ಹಿಡಿದು ಕತ್ತರಿಸೋದು ನನಗೇನು ಹೊಸದಾ?" ಅಂತೆ!

ಮರುದಿನ ಬೆಳಿಗ್ಗೆ ಬೋರ್ಡಿನ ಮುಂದೆ ಗುಂಪೋ ಗುಂಪು. ಒಬ್ಬೊಬ್ಬನೂ ಗಟ್ಟಿಯಾಗಿ ಓದುತ್ತಿದ್ದ. ಎದೆಯುಬ್ಬಿಸಿಕೊಂಡು ಹತ್ತಿರ ಹೋದೆ. ಮೂರನೇ ನಿಯಮದ ಕೆಳಗೆ ಒಂದು ನೀಲಿ ಪಟ್ಟೆಯ ಬಟ್ಟೆ ತುಂಡಿಗೆ ಮೊಳೆ ಹೊಡೆದಿದ್ದರು. ನನ್ನದೇ ಎಡಗಾಲು!

ಸಂಜೆ ಮನೆಗೆ ಬಂದವನೇ ಕೂಗಾಡಿದೆ. "ಅದನ್ನ ಮೇಸ್ತ್ರಿ ಕೈಗೆ ಕೊಟ್ಟವಳು ನೀನೇನಾ?"

"ಕೇಳಿದ್ರು, ಕೊಟ್ಟೆ."

"ಕೊಟ್ಟಿದ್ದಲ್ಲದೆ ನಾಲ್ಕೂ ಕಡೆ ಅಂಚು ಮಡಚಿ ಹೊಲಿದು ಬೇರೆ ಕೊಟ್ಟಿದ್ದೀಯಲ್ಲೇ!"

ಅವಳು ತಾನೇ ಸೀಳಿದ ಹಲಗೆಯ ಮೇಲೆ ಬಟ್ಟೆ ಹಾಸುತ್ತಾ, ತಲೆ ಎತ್ತದೆ ಹೇಳಿದಳು: "ನಾಲ್ಕು ಜನ ನೋಡೋ ಜಾಗ ಅಲ್ವೇನ್ರೀ? ಹರಕಲು ಹಾಗೇ ನೇತಾಡ್ತಿದ್ರೆ, ನನ್ನ ಹೊಲಿಗೆ ಬಗ್ಗೆ ಏನಂದುಕೊಳ್ತಾರೆ?"